ಹೆಣ್ಣು ಕೈ ಸೋಕದ ಮೇಜು

ಬೆಳಗಿನ ಹೊತ್ತು ಮಾಸ್ಟರನ ಮನೆಯ ತಾರಸಿಯ ಕಡೆ ಕಣ್ಣು ಹಾಯಿಸಿದವರಿಗೆ ಆ ಮನೆಯಲ್ಲಿ ಸಮಾನತೆ ಕಾಲು ಮುರಿದುಕೊಂಡು ಬಿದ್ದಿದೆ ಎಂದೇ ಅನ್ನಿಸಬೇಕು. ಬಟ್ಟೆ ಒಣಹಾಕುತ್ತಿದ್ದವನು ಸಾಕ್ಷಾತ್ ಮಾಸ್ಟರೇ. ಹೆಂಡತಿಯ ಬಟ್ಟೆ, ತಾಯಿಯ ಬಟ್ಟೆ, ದಿಂಬಿನ ಚೀಲ ಎಲ್ಲವನ್ನೂ ಕೊಡವಿ, ತಂತಿಯ ಮೇಲೆ ಹರವಿ, ಕ್ಲಿಪ್ಪು ಸಿಕ್ಕಿಸಿ, ಬೀದಿಯಲ್ಲಿ ಯಾರಾದರೂ ಹಾದುಹೋಗುತ್ತಿದ್ದಾರೆಯೇ ಎಂದು ಒಮ್ಮೆ ಇಣುಕುತ್ತಿದ್ದ. ಯಾರೂ ಕಾಣದಿದ್ದರೆ ತಂತಿಗೆ ಹಾಕಿದ್ದ ಅಂಗಿಯನ್ನೇ ತೆಗೆದು ಮತ್ತೊಮ್ಮೆ ಕೊಡವುತ್ತಿದ್ದ. ಆ ಬಟ್ಟೆಗಳನ್ನು ನೆನೆಹಾಕಿ, ಒಗೆದು, ಹಿಂಡಿ, ಬಕೆಟ್ಟನ್ನು ಮೆಟ್ಟಿಲು ಹತ್ತಿಸಿ ತಂದಿಟ್ಟವಳು ಹೆಂಡತಿ. ಅದು ಬೀದಿಗೆ ಕಾಣುತ್ತಿರಲಿಲ್ಲ.

ಮಾಸ್ಟರ್ ಎಂದರೆ ಶಾಲೆಯ ಮೇಷ್ಟ್ರಲ್ಲ, ಬೀದಿಯ ಕೊನೆಯಲ್ಲಿದ್ದ ಹೊಲಿಗೆ ಕಾರ್ಖಾನೆಯ ಕಟಿಂಗ್ ಮಾಸ್ಟರ್. ಕೋಟು, ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಬಟ್ಟೆಯ ಥಾನಿನ ಮೇಲೆ ಬಳಪದಿಂದ ಗೆರೆ ಎಳೆದು, ದೊಡ್ಡ ಕತ್ತರಿ ಆಡಿಸುವವನು ಅವನೊಬ್ಬನೇ. ಅವನು ಕತ್ತರಿಸಿಕೊಟ್ಟದ್ದನ್ನು ಜೋಡಿಸಿ ಹೊಲಿಯುವವರು ಹೆಂಗಸರು. ಒಬ್ಬೊಬ್ಬರಿಗೆ ಒಂದೊಂದು ಭಾಗ, ಭಾಗದಿಂದಲೇ ಹೆಸರು. ತೋಳು ಹೊಲಿಯುವವಳು ತೋಳಕ್ಕ, ಜೇಬು ಹೊಲಿಯುವವಳು ಜೇಬಕ್ಕ. ಮಾಸ್ಟರನ ಹೆಂಡತಿ ಕಾಲರಕ್ಕ. ಮದುವೆಯಾಗಿ ಬಂದಾಗಿನಿಂದ ಅವಳ ಮಿಷನ್ನಿನ ಕೆಳಗೆ ಕಾಲರ್ ಬಿಟ್ಟು ಬೇರೇನೂ ಹಾದುಹೋಗಿರಲಿಲ್ಲ.

ಆ ಕಸುಬಿನಲ್ಲಿ ಒಂದು ಕಟ್ಟುಪಾಡಿತ್ತು. ಕತ್ತರಿ ಮೇಜಿಗೆ ಹೆಣ್ಣು ಕೈ ಸೋಕಬಾರದು. ಸೋಕಿದರೆ ಥಾನು ಕೆಡುತ್ತದೆ, ಅಳತೆ ತಪ್ಪುತ್ತದೆ, ಕಾರ್ಖಾನೆಗೆ ದರಿದ್ರ ಹಿಡಿಯುತ್ತದೆ. ಯಾರು ಮಾಡಿದ ಕಟ್ಟುಪಾಡೋ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲದ್ದರಿಂದಲೇ ಅದು ಗಟ್ಟಿಯಾಗಿ ನಿಂತಿತ್ತು. ಆಚೆ ಉರುಳಿದ ದಾರದ ಬಾಬಿನ್ ತೆಗೆದುಕೊಳ್ಳಬೇಕಾದರೂ ಹೆಂಗಸರು ಮೇಜನ್ನು ಸುತ್ತು ಹಾಕಿ ಹೋಗುತ್ತಿದ್ದರು. ಊಟದ ಡಬ್ಬಿಯನ್ನು ಮರೆತು ಅದರ ಮೇಲಿಟ್ಟ ಹುಡುಗಿಯೊಬ್ಬಳು ಅಂದೇ ಕೆಲಸ ಕಳೆದುಕೊಂಡಿದ್ದಳು. ಮೇಜಿನವನಿಗೆ ಸಿಗುವ ಸಂಬಳ ಮಿಷನ್ನಿನವಳಿಗೆ ಎಂದೂ ಸಿಗುತ್ತಿರಲಿಲ್ಲ. ಓದುಗರೇ, ಇಂಥ ಕಟ್ಟುಪಾಡುಗಳ ಬುಡ ಕೆದಕಿದರೆ ಸಿಗುವುದು ದೇವರಲ್ಲ, ಯಾರದೋ ಜೇಬು.

ಈ ಮೇಜಿಗೆ ಬಲಿಯಾದವಳು ಕಾಜಾ ಅಜ್ಜಿ. ಗುಂಡಿ ತೂರುವ ಕಾಜಾಗಳನ್ನು ಕೈಯಲ್ಲಿ ಹೊಲಿಯುತ್ತಿದ್ದ ಮುದುಕಿ. ಅವಳ ಗಂಡ ಹಿಂದಿನ ಮಾಸ್ಟರ್, ನಮ್ಮ ಮಾಸ್ಟರನಿಗೆ ಕತ್ತರಿ ಹಿಡಿಯಲು ಕಲಿಸಿದ ಗುರು. ಆ ಗುರುವಿಗೆ ಮನೆಯಲ್ಲಿ ಬಟ್ಟೆ ಕತ್ತರಿಸುವ ಅಳತೆಗೆ ಕಾಗದದ ಅಚ್ಚು ತೆಗೆದುಕೊಡುತ್ತಿದ್ದವಳು ಆಕೆಯೇ ಎಂಬುದು ಎಲ್ಲರಿಗೂ ಗೊತ್ತು. ಆದರೂ ಗಂಡ ಸತ್ತಾಗ ಮೇಜು ಶಿಷ್ಯನಿಗೆ ಹೋಯಿತು, ಆಕೆಯ ಕೈಗೆ ಸೂಜಿ ಬಂತು. ಕಾಜಾ ಹೊಲಿದು ಹೊಲಿದು ಕಣ್ಣು ಮಂಜಾಗಿ ಈಗ ಮನೆಯ ಬಾಗಿಲಲ್ಲಿ ಕೂತು, ಹೋಗಿಬರುವವರನ್ನು ದನಿಯಿಂದ ಗುರುತಿಸುತ್ತಿದ್ದಳು.

ಅವಳ ಮಗ ಇಸ್ತ್ರಿಯಣ್ಣ. ಅದೇ ಕಾರ್ಖಾನೆಯಲ್ಲಿ ಹೊಲಿದು ಬಂದ ಕೋಟುಗಳಿಗೆ ಇಸ್ತ್ರಿ ಹಾಕುವವನು. ತಾಯಿಯ ಕಣ್ಣು ಹೋದ ಮೇಲೆ ಅವನು ಬೀದಿಯ ಗಂಡಸರನ್ನು ಕೂಡಿಸಿ ಒಂದು ಸಮಾನತಾ ಬಳಗ ಕಟ್ಟಿದ. ಕ್ಷೌರದಂಗಡಿಯವನು, ಅಂಚೆಯವನು, ಬಸ್ ಡ್ರೈವರು, ಶಾಲೆಯ ಮೇಷ್ಟ್ರು, ಕಾರ್ಖಾನೆಯಲ್ಲಿ ಥಾನು ಹಾಸುವ ಇಬ್ಬರು, ಹೀಗೆ ಜನ ಸೇರಿದರು. "ಹೆಂಗಸರು ಸಾವಿರ ಸಲ ಹೇಳಿದ್ರೂ ನಮ್ಮ ಕಿವಿಗೆ ಬೀಳ್ಲಿಲ್ಲ. ಗಂಡಸರು ಗಂಡಸರಿಗೇ ಹೇಳಿ ನೋಡೋಣ, ಆಗಲಾದ್ರೂ ನಾಟುತ್ತೇನೋ" ಎಂಬುದು ಅವನ ಮಾತು. ಸೇರಿದ ಪ್ರತಿಯೊಬ್ಬನೂ ಮನೆಗೆಲಸದಲ್ಲಿ ಒಂದನ್ನು ತನ್ನದಾಗಿ ಮಾಡಿಕೊಳ್ಳಬೇಕು, ಅದೊಂದೇ ನಿಯಮ.

ಮಾಸ್ಟರ್ ಬಳಗಕ್ಕೆ ಸೇರಿದ್ದು ಸಮಾನತೆಯ ಮೇಲಿನ ಪ್ರೀತಿಗಲ್ಲ. ಒಂದು ದಿನ ಊಟಕ್ಕೆ ಬಡಿಸುತ್ತಾ ಹೆಂಡತಿ, "ಇಸ್ತ್ರಿಯಣ್ಣನ ಮನೇಲಿ ದಿನಾ ಪಾತ್ರೆ ಅವರೇ ತೊಳೀತಾರಂತೆ ರೀ. ಅವರ ಹೆಂಡ್ತಿ ಪುಣ್ಯವಂತೆ" ಎಂದಿದ್ದಳು. ಆ ಪುಣ್ಯವಂತೆ ಎಂಬ ಮಾತು ಮಾಸ್ಟರನ ಗಂಟಲಿಗೆ ಮುಳ್ಳಿನಂತೆ ಸಿಕ್ಕಿಕೊಂಡಿತು. ತನ್ನ ಹೆಂಡತಿಯ ಬಾಯಲ್ಲಿ ಪರರ ಗಂಡನ ಹೊಗಳಿಕೆಯೇ? ಅದೂ ಮೇಜಿನವನ ಎದುರು ಇಸ್ತ್ರಿಯವನ ಹೊಗಳಿಕೆ? ಮರುವಾರವೇ ಹೋಗಿ ಸೇರಿಕೊಂಡ. ಪಾತ್ರೆ ತೊಳೆದರೆ ಯಾರಿಗೂ ಕಾಣುವುದಿಲ್ಲವೆಂದು ಬಟ್ಟೆ ಒಣಹಾಕುವುದನ್ನು ಆರಿಸಿಕೊಂಡ. ಮಾತಿನ ಮಲ್ಲನಾದ್ದರಿಂದ ವರ್ಷ ತಿರುಗುವುದರೊಳಗೆ ಬಳಗದ ಅಧ್ಯಕ್ಷನೂ ಆಗಿಬಿಟ್ಟ.

ಬಳಗದ ಸಭೆ ರಜೆಯ ದಿನ, ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ನಡೆಯುತ್ತಿತ್ತು. ಗಂಡಸರೆಲ್ಲ ಹಜಾರದಲ್ಲಿ ಕೂತು ಹೆಂಗಸರ ಕಷ್ಟಕ್ಕೆ ಮರುಗುವರು. ಒಳಗೆ ಆ ಮನೆಯ ಹೆಂಗಸು ಇಷ್ಟೂ ಜನಕ್ಕೆ ಚಹಾ ಕಾಯಿಸುವಳು. ಇದರಲ್ಲೊಂದು ಎಡವಟ್ಟಿದೆ ಎಂದು ಹೆಚ್ಚಿನವರಿಗೆ ಹೊಳೆದೇ ಇರಲಿಲ್ಲ. ಚಹಾ ತನ್ನಷ್ಟಕ್ಕೇ ಬರುತ್ತದೆ ಎಂದು ಹುಟ್ಟಿದಂದಿನಿಂದ ನಂಬಿದವರು, ಪಾಪ. ಇಸ್ತ್ರಿಯಣ್ಣನೊಬ್ಬ ಮಾತ್ರ ಸಭೆ ಮುಗಿಯುತ್ತಿದ್ದಂತೆ ಲೋಟಗಳನ್ನು ಬಾಚಿಕೊಂಡು ಒಳಗೆ ಹೋಗಿ ತೊಳೆದಿಡುತ್ತಿದ್ದ.

ಮಾಸ್ಟರನ ಮನೆಯ ಸರದಿ ಬಂದ ದಿನವೂ ಹಾಗೆಯೇ ಹೋದ. ಮಾಸ್ಟರ್ ಹಜಾರದಲ್ಲಿ "ಅಡುಗೆಮನೆ ಹೆಣ್ಣಿಗೊಂದೇ ಬರೆದಿಟ್ಟದ್ದಲ್ಲ" ಎಂದು ಮೇಷ್ಟ್ರಿಗೆ ವಿವರಿಸುತ್ತಿದ್ದಾಗ, ಆ ಅಡುಗೆಮನೆಯೊಳಗಿಂದ ಏನೋ ಒಡೆದ ಸದ್ದು, ಅದರ ಹಿಂದೆಯೇ ಹೆಂಡತಿಯ ನಗು ಕೇಳಿತು. ಬಾಯಿ ತುಂಬ ನಗು. ಮಾಸ್ಟರನ ಮಾತು ಅರ್ಧಕ್ಕೇ ನಿಂತಿತು. ತನ್ನೆದುರು ಅವಳು ಹೀಗೆ ನಕ್ಕದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ.

ಎಲ್ಲರೂ ಹೋದ ಮೇಲೆ ಕೇಳಿದ. "ಏನದು ನಗು, ಒಳಗೆ?"

"ಲೋಟ ಒಡೀತು."

"ಲೋಟ ಒಡೆದ್ರೆ ನಗ್ತಾರಾ?"

"ಒಡೆದದ್ದು ಅವರು. ನಾನೇ ಒಡೆದೆ ಅಕ್ಕಾ ಅಂತ ಒಪ್ಕೊಂಡ್ರು. ಗಂಡಸರ ಬಾಯಲ್ಲಿ ಆ ಮಾತು ಕೇಳಿ ಅಭ್ಯಾಸ ಇಲ್ವಲ್ಲ, ನಗು ಬಂತು" ಎಂದು ಅವಳು ನೆಲ ಒರೆಸಲು ಕೂತಳು.

ಮಾಸ್ಟರನ ಹೊಟ್ಟೆಯೊಳಗೆ ಕೆಂಡ ಬಿತ್ತು. ಅಂದಿನಿಂದ ಕಾರ್ಖಾನೆಯಲ್ಲಿ ಅವನ ಒಂದು ಕಣ್ಣು ಬಟ್ಟೆಯ ಮೇಲೆ, ಇನ್ನೊಂದು ಕಿಟಕಿಯ ಕಡೆಗೆ. ಕಾಲರಕ್ಕನ ಮಿಷನ್ನು ಕಿಟಕಿಯ ಪಕ್ಕ, ಅದರ ಎದುರಿಗೇ ಇಸ್ತ್ರಿ ಮೇಜು. ಅವಳು ತಲೆಯೆತ್ತಿದರೆ ಅವನತ್ತ ನೋಡಿದಳು ಎನಿಸುವುದು, ತಲೆ ತಗ್ಗಿಸಿದರೆ ನೋಡಿ ತಗ್ಗಿಸಿದಳು ಎನಿಸುವುದು. ಕೊನೆಗೆ ಕಾರ್ಖಾನೆಯ ಯಜಮಾನರ ಬಳಿ ಹೋಗಿ, "ಕಿಟಕಿ ಗಾಳಿಗೆ ದಾರ ಹಾರ್ತಾ ಇದೆ, ಆ ಕಾಲರ್ ಮಿಷನ್ನನ್ನ ಉಗ್ರಾಣದ ಮೂಲೆಗೆ ಹಾಕ್ಸಿ" ಎಂದ. ಮೇಜಿನವನ ಮಾತಿಗೆ ಬೆಲೆಯಿತ್ತು. ಮಿಷನ್ನು ಕತ್ತಲ ಮೂಲೆಗೆ ಹೋಯಿತು. ಹೆಂಡತಿ ದಾರದ ಉಂಡೆಗಳನ್ನು ಎತ್ತಿಕೊಂಡು ಅದರ ಹಿಂದೆ ಹೋದಳು. ಸಮಾನತಾ ಬಳಗದ ಅಧ್ಯಕ್ಷ ನೆಮ್ಮದಿಯಿಂದ ಉಸಿರಾಡಿದ.

ಆ ನೆಮ್ಮದಿ ಬಹಳ ದಿನ ಉಳಿಯಲಿಲ್ಲ. ಮೂಲೆಯ ಮಬ್ಬಿನಲ್ಲಿ ಕಪ್ಪು ಬಟ್ಟೆಗೆ ಕಪ್ಪು ದಾರ ಹೊಲಿಯುತ್ತಿದ್ದಾಗ ಸೂಜಿ ಅವಳ ಎಡಗೈ ಬೆರಳಿನ ಉಗುರನ್ನು ತೂರಿ ಕೆಳಗಿಳಿಯಿತು. ಚೀರಿದ್ದು ಕೇಳಿ ಮೊದಲು ಓಡಿದವನು ಇಸ್ತ್ರಿಯಣ್ಣ. ಚಕ್ರ ತಿರುಗಿಸಿ ಸೂಜಿ ಎತ್ತಿ, ಬೆರಳನ್ನು ಬಟ್ಟೆಯಲ್ಲಿ ಸುತ್ತಿ ಒತ್ತಿ ಹಿಡಿದಿದ್ದ. ಮಾಸ್ಟರ್ ಹತ್ತಿರ ಬಂದಾಗ ಹೆಂಡತಿಯ ರಕ್ತವನ್ನು ನೋಡಲಿಲ್ಲ, ಆ ಬೆರಳನ್ನು ಹಿಡಿದಿದ್ದ ಇನ್ನೊಂದು ಕೈಯನ್ನು ನೋಡಿದ. ಹೇಳಲಿಕ್ಕೇ ನಾಚಿಕೆಯಾಗುತ್ತದೆ. ಆದರೆ ಹೊಟ್ಟೆಕಿಚ್ಚು ಹೊಕ್ಕ ಮನೆಯಲ್ಲಿ ಗಾಯಕ್ಕೂ ಲೆಕ್ಕವಿಲ್ಲ, ನೋವಿಗೂ ಲೆಕ್ಕವಿಲ್ಲ.

ಆ ಸಿಟ್ಟಿನಲ್ಲೇ ಅವನಿಗೂ ಪೆಟ್ಟಾಯಿತು. ವಾದ್ಯಗೋಷ್ಠಿಯೊಂದರಿಂದ ಕೋಟುಗಳ ಕೆಲಸ ಬಂದಿತ್ತು. ದಪ್ಪ ಉಣ್ಣೆಯ ಥಾನು, ಭಾರ. "ಒಂದು ಕಡೆ ನಾನು ಹಿಡೀತೀನಿ ಮಾಸ್ಟರೇ" ಎಂದು ಇಸ್ತ್ರಿಯಣ್ಣ ಬಂದ.

"ನನ್ನ ಕೆಲಸ ನನಗೆ ಗೊತ್ತು, ನೀನು ನಿನ್ನ ಇಸ್ತ್ರಿ ನೋಡ್ಕೋ" ಎಂದು ಮಾಸ್ಟರ್ ಒಬ್ಬನೇ ಎತ್ತಲು ಹೋದ. ಥಾನು ಜಾರಿತು. ಹಿಡಿಯಲು ಹೋದ ಬಲಗೈಯ ಮಣಿಕಟ್ಟು ತಿರುಚಿ, ಸಂಜೆಯ ಹೊತ್ತಿಗೆ ಊದಿಕೊಂಡು ಕತ್ತರಿಯಿರಲಿ, ತುತ್ತು ಎತ್ತಲೂ ಆಗದಂತಾಯಿತು. ಮೇಜಿನ ಮುಂದೆ ಬೇರೆಯವನು ಬಂದು ನಿಂತರೆ? ಆ ಹೆದರಿಕೆಗೆ ಯಜಮಾನರಿಗೆ ಸುಳ್ಳು ಹೇಳಿದ. "ಸ್ವಲ್ಪ ಉಳುಕು, ಅಷ್ಟೇ. ಬಟ್ಟೆ ಮನೆಗೆ ಕಳಿಸಿ, ಗಲಾಟೆ ಇಲ್ದೆ ನಿಧಾನವಾಗಿ ಕತ್ತರಿಸ್ತೀನಿ."

ರಜೆಯ ದಿನ ಮಧ್ಯಾಹ್ನ ಹಜಾರದ ನೆಲದ ಮೇಲೆ ಬಟ್ಟೆ ಹಾಸಿಕೊಂಡು, ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಹೆಂಡತಿ ಮಂಡಿಯೂರಿ ಕೂತಳು. ಮಾಸ್ಟರ್ ಕುರ್ಚಿಯಲ್ಲಿ ಕೂತು ಹೇಳುವುದು, ಅವಳು ಗೆರೆ ಎಳೆಯುವುದು ಎಂದು ಮಾತಾಗಿತ್ತು. ಬೆನ್ನಿನ ಭಾಗದವರೆಗೆ ಹಾಗೆಯೇ ನಡೆಯಿತು. ತೋಳಿನ ಹತ್ತಿರ ಬಂದಾಗ ಅವಳ ಬಳಪ ಅವನ ಮಾತು ಮೀರಿ ಮೇಲಕ್ಕೆ ಹೋಯಿತು.

"ಎಲ್ಲಿಗೆ ಹೋಗ್ತಿದೀಯ? ಕಂಕುಳು ಇನ್ನೂ ಕೆಳಗೆ ಬರ್ಬೇಕು."

"ಇವರು ಕೈ ಎತ್ತಿ ವಾದ್ಯ ನುಡಿಸೋರು ಅಲ್ವಾ ರೀ? ಕಂಕುಳು ಕೆಳಗಿದ್ರೆ ಕೈ ಎತ್ತಿದಾಗ ಇಡೀ ಕೋಟು ಮೇಲೆ ಬರುತ್ತೆ, ಕಾಲರ್ ಎದ್ದು ನಿಲ್ಲುತ್ತೆ. ಇಷ್ಟು ವರ್ಷ ಕಾಲರ್ ಹಚ್ಚಿದೀನಿ. ಎಲ್ಲಿ ಎಳೆಯುತ್ತೆ ಅಂತ ನನಗೆ ಗೊತ್ತಾಗಲ್ವಾ?"

ಅವಳ ಕತ್ತರಿ ಬಟ್ಟೆಯೊಳಗೆ ಹೊಕ್ಕು, ಎಲ್ಲೂ ತಡವರಿಸದೆ ತಿರುವು ಸುತ್ತಿ ಆಚೆ ಬಂತು. ಮಾಸ್ಟರನಿಗೆ ಕಸುಬು ಗೊತ್ತಿತ್ತು, ಆದ್ದರಿಂದಲೇ ಕಂಡದ್ದನ್ನು ಕಂಡಿಲ್ಲವೆನ್ನಲು ಆಗಲಿಲ್ಲ. ಅವಳು ಏನಾದರೂ ತಪ್ಪು ಮಾಡಿದ್ದರೆ ಕ್ಷಮಿಸುತ್ತಿದ್ದನೋ ಏನೋ. ಚೆನ್ನಾಗಿ ಮಾಡಿದ್ದನ್ನು ಕ್ಷಮಿಸಲಾರದೆ ಹೋದ.

ಕೋಟುಗಳು ಹೊಲಿದು ಬಂದವು. ಯಜಮಾನರು ಒಂದನ್ನು ತೊಟ್ಟು, ಕೈ ಎತ್ತಿ ಇಳಿಸಿ ನೋಡಿ, "ಏನ್ ಮಾಸ್ಟರೇ, ಈ ವಯಸ್ಸಲ್ಲೂ ಕೈ ಪಳಗ್ತಾನೇ ಇದೆಯಲ್ಲ" ಎಂದು ಬೆನ್ನು ತಟ್ಟಿದರು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಮಾಸ್ಟರ್ ನುಂಗಲಾರದೆ ಉಗುಳಲಾರದೆ ನಿಂತ. ಇಸ್ತ್ರಿಯಣ್ಣ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ. "ಇಷ್ಟು ದಿನ ಭುಜದ ಮೇಲೊಂದು ಸುಕ್ಕನ್ನ ನೀರು ಚಿಮುಕಿಸಿ ಒತ್ತಿ ಒತ್ತಿ ಅಡಗಿಸ್ತಿದ್ದೆ. ಈ ಸಲ ಸುಕ್ಕೇ ಇಲ್ಲ. ಅಕ್ಕನ ಕೈ ಅಲ್ವಾ ಮಾಸ್ಟರೇ?"

"ನಿನಗ್ಯಾಕೆ ಆ ಮಾತು?" ಎಂದು ಮಾಸ್ಟರ್ ಅವನನ್ನು ಸುಟ್ಟುಬಿಡುವಂತೆ ನೋಡಿದ.

ಮನೆಯಲ್ಲಿ ಅನ್ನಕ್ಕೆ ಉಪ್ಪು ಹೆಚ್ಚಾಯಿತು, ಸಾರಿಗೆ ಕಮ್ಮಿಯಾಯಿತು. ಅಡುಗೆ ಹಿಂದಿನಂತೆಯೇ ಇತ್ತು, ಕೆಟ್ಟದ್ದು ಅವನ ನಾಲಿಗೆ. ದೊಡ್ಡ ಕತ್ತರಿಯನ್ನು ಹೆಂಡತಿಯ ಕಣ್ಣಿಗೆ ಬೀಳದಂತೆ ಹಾಸಿಗೆಯ ಕೆಳಗಿಟ್ಟ. ವಾದ್ಯದವರು ಮೆಚ್ಚಿ ಇನ್ನೊಂದು ಕಂತಿನ ಕೋಟುಗಳನ್ನು ಕೇಳಿದರು. ಅದನ್ನೂ ನೆಲದ ಮೇಲೆ ಕತ್ತರಿಸಬೇಕಾದವಳು ಅವಳೇ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಅವಳ ಮೇಲೆ ಹಾರಾಡಿದ. ಇದರ ನಡುವೆ ಯಜಮಾನರು ಎರಡನೆಯ ಕತ್ತರಿ ಮೇಜು ತರಿಸುತ್ತಾರೆ, ಅದನ್ನು ಕಾಲರಕ್ಕನಿಗೆ ಕೊಡಿಸಬೇಕೆಂದು ಇಸ್ತ್ರಿಯಣ್ಣ ಬಳಗದವರ ಕಿವಿಗೆ ಹಾಕುತ್ತಿದ್ದಾನೆ ಎಂಬ ಸುದ್ದಿ ಬಂತು.

ಮಾಸ್ಟರನ ತಾಯಿ ಹಜಾರದಲ್ಲಿ ಕೂತು ಮಗನಿಗೆ ಬುದ್ಧಿ ಹೇಳಿದಳು. "ಬೇಡ ಕಣೋ. ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು. ಆ ಬಳಗ ಅಂತ ಮಾತಾಡ್ತಾ ಮಾತಾಡ್ತಾ ಎಲ್ಲಿಗೆ ಬಂತು ನೋಡು. ಹೆಂಗಸು ಮೇಜು ಹತ್ತಿದ್ರೆ ನಾಳೆ ನಿನ್ನನ್ನ ಕಾಲರಕ್ಕನ ಗಂಡ ಅಂತಾರೆ."

"ಅಂದ್ರೆ ಏನಾಯ್ತು ಅತ್ತೆ?" ಎಂದು ಸೊಸೆ ಒಳಗಿಂದಲೇ ಕೇಳಿದಳು. "ನಿಮ್ಮನ್ನ ಜೀವಮಾನವಿಡೀ ಇಂಥವರ ಹೆಂಡ್ತಿ, ಇಂಥವರ ತಾಯಿ ಅಂತಲೇ ಕರೆದ್ರಲ್ಲ."

"ನನಗೆ ಹೆಸರು ಯಾಕೆ ಬೇಕಿತ್ತು? ಹೆಂಗಸು ತಡ್ಕೋತಾಳೆ. ಗಂಡಸು ತಡ್ಕೊಳ್ಳಲ್ಲ" ಎಂದಳು ಮುದುಕಿ. ಅವಳ ಪಾಲಿಗೆ ಅದು ವಾದವಲ್ಲ, ಸೂರ್ಯ ಹುಟ್ಟುವಷ್ಟೇ ಸಹಜವಾದ ಸಂಗತಿ. ಕಾಲರಕ್ಕನ ಗಂಡ. ಆ ಮಾತು ಮಾಸ್ಟರನ ಕಿವಿಯಲ್ಲಿ ದಿನವೆಲ್ಲ ಗುಂಯ್‌ಗುಟ್ಟಿತು.

ಸರದಿ ಒಂದು ಸುತ್ತು ಮುಗಿದು ಸಭೆ ಮತ್ತೆ ಅವನ ಮನೆಗೇ ಬಂತು. ಎಲ್ಲರೂ ಕೂತ ಮೇಲೆ ಇಸ್ತ್ರಿಯಣ್ಣ ಎದ್ದು ನಿಂತ.

"ಇಷ್ಟು ದಿನ ಪಾತ್ರೆ, ಬಟ್ಟೆ ಅಂತ ಮಾತಾಡಿದ್ವಿ. ಅದು ಬೇಕು. ಆದ್ರೆ ನಮ್ಮ ಬೀದೀಲೇ ಒಂದು ಮೇಜಿದೆ, ಅದನ್ನ ಹೆಂಗಸರು ಮುಟ್ಟೋ ಹಾಗಿಲ್ಲ. ನಾಳೆ ಎರಡನೇ ಮೇಜು ಬರ್ತಿದೆ. ಬಳಗದವರೆಲ್ಲ ಹೋಗಿ ಅದನ್ನ ಕಾಲರಕ್ಕನಿಗೆ ಕೊಡಿ ಅಂತ ಯಜಮಾನ್ರನ್ನ ಕೇಳೋಣ."

"ಹಿಂದಿನಿಂದ ನಡೆದುಬಂದ ಕಟ್ಟುಪಾಡು ಅಲ್ವೇನಪ್ಪಾ?" ಎಂದರು ಮೇಷ್ಟ್ರು.

"ನಮ್ಮಮ್ಮ ಮನೇಲಿ ಅಚ್ಚು ತೆಗೀತಿದ್ಲು ಮೇಷ್ಟ್ರೇ. ಆಗ ಯಾವ ಥಾನು ಕೆಟ್ಟಿತ್ತು? ಕೈ ಗಂಡಸಿನದೋ ಹೆಂಗಸಿನದೋ ಅಂತ ಬಟ್ಟೆಗೆ ಗೊತ್ತಾಗಲ್ಲ. ಗೊತ್ತಾಗೋದು ಸಂಬಳ ಕೊಡೋರಿಗೆ. ಅಪ್ಪ ಹೋದಾಗ ಮೇಜು ಅಮ್ಮನಿಗೆ ಕೊಟ್ಟಿದ್ರೆ ಇವತ್ತು ಅವಳ ಕಣ್ಣು ಇರ್ತಿತ್ತು."

ತಲೆಗಳು ಒಂದೊಂದಾಗಿ ಆಡತೊಡಗಿದವು. ಮಾಸ್ಟರನಿಗೆ ನೆಲ ಜಾರುತ್ತಿದೆ ಎನಿಸಿತು. ಪಟ್ಟಿ ಕಟ್ಟಿದ ಬಲಗೈಯನ್ನು ಎದೆಗೊತ್ತಿಕೊಂಡು ಎದ್ದ.

"ಗೆಳೆಯರೇ, ನನ್ನ ಹೆಂಡ್ತಿ ಹೆಸರು ಬಂದಿರೋದ್ರಿಂದ ಸುಮ್ನಿರೋಣ ಅಂದ್ಕೊಂಡಿದ್ದೆ. ಆದ್ರೆ ಮನಸ್ಸು ತಡೀಲಿಲ್ಲ. ಹೆಣ್ಣಿನ ಬೆನ್ನ ಮೇಲೆ ಈಗಾಗ್ಲೇ ಎರಡು ಹೊರೆ ಇದೆ. ಮನೆ ಒಂದು, ಮಿಷನ್ನು ಒಂದು. ಅದರ ಮೇಲೆ ಮೂರನೇದು ಹೊರಿಸೋದಾ ಸಮಾನತೆ? ಆ ಕತ್ತರಿಯ ಭಾರ ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ದಿನವಿಡೀ ನಿಂತು ಮಾಡೋ ಕೆಲಸ. ಅವಳ ಬೆರಳಿನ ಗಾಯ ಇನ್ನೂ ಮಾಗಿಲ್ಲ. ಗಂಡನಾಗಿ ಅಲ್ಲ, ಬಳಗದ ಅಧ್ಯಕ್ಷನಾಗಿ ಹೇಳ್ತಿದೀನಿ. ನಮ್ಮ ಹೆಂಗಸರಿಗೆ ಮೊದಲು ಬೇಕಾಗಿರೋದು ಮೇಜಲ್ಲ, ವಿಶ್ರಾಂತಿ."

ದನಿ ಕೊನೆಯಲ್ಲಿ ತಾನಾಗಿಯೇ ನಡುಗಿತು. ಕ್ಷೌರದಂಗಡಿಯವನು ಕಣ್ಣೊರೆಸಿಕೊಂಡ. "ನಿಜ, ನಾವು ಆ ಕಡೆಯಿಂದ ಯೋಚನೆ ಮಾಡ್ಲಿಲ್ಲ" ಎಂದ ಡ್ರೈವರು. ಆಡಿದ ತಲೆಗಳೇ ಈಗ ಇನ್ನೊಂದು ಕಡೆಗೆ ಆಡಿದವು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಹೊಟ್ಟೆಕಿಚ್ಚು ಬರಿಮೈಯಲ್ಲಿ ಸಭೆಗೆ ಬರುವುದಿಲ್ಲ, ಕರುಣೆಯ ಕೋಟು ತೊಟ್ಟೇ ಬರುತ್ತದೆ.

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಳಗೆ ಬಂದಳು. ಯಾರಿಗೂ ಕೊಡದೆ ತಟ್ಟೆಯನ್ನು ನೆಲದ ಮೇಲಿಟ್ಟಳು.

"ವಿಶ್ರಾಂತಿ ಅಂದ್ರಲ್ಲ, ಸರಿ. ಇವತ್ತಿಂದಲೇ ತಗೋತೀನಿ" ಎಂದಳು. ದನಿ ಏರಿರಲಿಲ್ಲ. "ಹೋದ ಸಲದ ಕೋಟೆಲ್ಲ ನಾನು ಇದೇ ನೆಲದ ಮೇಲೆ ಮಂಡಿಯೂರಿ ಕತ್ತರಿಸಿದ್ದು. ಈ ಸಲದ್ದು ಕತ್ತರಿಸಲ್ಲ. ಕತ್ತರಿಸೋದಾದ್ರೆ ಮೇಜಿನ ಮೇಲೆ, ನಾಲ್ಕು ಜನರ ಕಣ್ಣೆದುರು ಕತ್ತರಿಸ್ತೀನಿ. ಇಲ್ಲ ಅಂದ್ರೆ ಇಲ್ಲ."

ಮೇಷ್ಟ್ರು ಮಾಸ್ಟರನ ಪಟ್ಟಿ ಕಟ್ಟಿದ ಕೈಯತ್ತ ತಿರುಗಿ ನೋಡಿದರು. ಮಾಸ್ಟರ್ ಆ ಕೈಯನ್ನು ಮಗ್ಗುಲಿಗೆ ಸರಿಸಿಕೊಂಡ.

"ನನ್ನ ಮಿಷನ್ನನ್ನ ಮೂಲೆಗೆ ಹಾಕ್ಸಿದ್ದು ಯಾರು ಅಂತ್ಲೂ ನನಗೆ ಗೊತ್ತಿತ್ತು" ಎಂದು ಅವಳು ಗಂಡನತ್ತ ತಿರುಗಿದಳು. "ಹೇಳಿದ್ರೆ ಮನೆ ಒಡೆಯುತ್ತೆ ಅಂತ ಸುಮ್ನಿದ್ದೆ. ಬೆರಳೇ ಒಡೀತು." ಆಮೇಲೆ ಕೂತವರನ್ನೆಲ್ಲ ಒಮ್ಮೆ ನೋಡಿದಳು. "ಮೊದಲನೇ ಹೊರೆ ಇಳಿಸೋಕೆ ಯಾರೂ ಬರ್ಲಿಲ್ಲ. ಮೂರನೇದು ಬೇಡ ಅನ್ನೋಕೆ ಮಾತ್ರ ಎಲ್ಲರೂ ಬಂದ್ರಿ. ಚಹಾ ಅಲ್ಲಿದೆ, ಬೇಕಾದವರು ತಗೊಳ್ಳಿ. ಲೋಟ ತೊಳೆದಿಟ್ಟು ಹೋಗಿ."

ಅವಳು ಕಾಜಾ ಅಜ್ಜಿಯ ಮನೆಗೆ ಹೋದಳು. ಚಹಾ ಆರಿತು. ಸ್ವಲ್ಪ ಹೊತ್ತಾದ ಮೇಲೆ ಡ್ರೈವರು ಎದ್ದ, ಅವನ ಹಿಂದೆ ಅಂಚೆಯವನು, ಮೇಷ್ಟ್ರು. ಲೋಟ ತೊಳೆಯಲು ನಲ್ಲಿಯ ಮುಂದೆ ಗಂಡಸರ ಸಾಲು ನಿಂತಿತು. ಸೋಪು ಎಲ್ಲಿದೆ ಎಂದು ಒಬ್ಬನಿಗೂ ತಿಳಿಯದು. ನಗಬೇಕಾದ ನೋಟ, ಆದರೆ ಯಾರೂ ನಗಲಿಲ್ಲ. ಮಾಸ್ಟರ್ ಮಾತ್ರ ಕೂತಲ್ಲಿಂದ ಏಳಲಿಲ್ಲ.

ಮರುದಿನ ಬೆಳಿಗ್ಗೆ ಕಾರ್ಖಾನೆಯಲ್ಲಿ ಹೊಸ ಮೇಜು ಬಂದು ನಿಂತಿತ್ತು. ಅದರ ಮೇಲೆ ವಾದ್ಯದವರ ಥಾನು. ಹಾಸುವ ಇಬ್ಬರು ಬಟ್ಟೆಯನ್ನು ಪದರ ಪದರವಾಗಿ ಹಾಸಿ ಮುಗಿಸಿದ್ದರು. ಕಾಲರಕ್ಕ ತನ್ನ ಮೂಲೆಯ ಮಿಷನ್ನಿನ ಮುಂದೆ ಕೂತಿದ್ದಳು. ಮಾಸ್ಟರ್ ಎಡಗೈಯಲ್ಲಿ ಕತ್ತರಿ ಹಿಡಿದು ನಿಂತ. ಬಲಗೈಗೆ ದಾಟಿಸಲು ನೋಡಿದ, ಬೆರಳುಗಳು ಮಡಚಲಿಲ್ಲ.

"ಏನಿದು, ಕೈ ಇನ್ನೂ ಹೀಗಿದೆ?" ಎಂದರು ಯಜಮಾನರು. "ಹಾಗಾದ್ರೆ ಮೊನ್ನೇದು ಹೇಗೆ ಕತ್ತರಿಸಿದ್ರಿ?"

ಅಷ್ಟರಲ್ಲಿ ಬಾಗಿಲಲ್ಲಿ ಬಳಗದವರು ಕಾಣಿಸಿಕೊಂಡರು. ತಂತಮ್ಮ ಕೆಲಸಕ್ಕೆ ಹೋಗುವ ಮೊದಲು ಬಂದಿದ್ದರು. ಅಂಚೆಯವನ ಹೆಗಲಲ್ಲಿ ಚೀಲ, ಡ್ರೈವರನ ಮೈಮೇಲೆ ಸಮವಸ್ತ್ರ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಈ ಮೇಜನ್ನು ಕಾಲರಕ್ಕನಿಗೆ ಕೊಡಬೇಕೆಂದು ಕೇಳಿದರು.

"ನಿಮ್ಮ ಬಳಗ ನಿಮ್ಮ ನಿಮ್ಮ ಹಜಾರದಲ್ಲಿರ್ಲಿ ಮೇಷ್ಟ್ರೇ. ಇಲ್ಲಿ ನನ್ನಪ್ಪನ ಕಾಲದಿಂದ ಬಂದ ಪದ್ಧತಿ ಇದೆ" ಎಂದರು ಯಜಮಾನರು.

ಇಸ್ತ್ರಿಯಣ್ಣ ತನ್ನ ಇಸ್ತ್ರಿಪೆಟ್ಟಿಗೆಯ ತಂತಿ ಕಿತ್ತು ಸುತ್ತಿಟ್ಟ. "ಆ ಪದ್ಧತಿ ನಮ್ಮಮ್ಮನ ಕಣ್ಣು ತಿಂದಿದೆ. ಇನ್ನೊಬ್ಬರದು ತಿನ್ನೋಕೆ ನನ್ನ ಕೈ ಸೇರಿಸಲ್ಲ" ಎಂದ. ಥಾನು ಹಾಸುವ ಇಬ್ಬರು ಮುಖ ಮುಖ ನೋಡಿಕೊಂಡು ಮೇಜಿನಿಂದ ಹಿಂದೆ ಸರಿದರು. ತೋಳಕ್ಕನ ಮಿಷನ್ನು ನಿಂತಿತು. ಜೇಬಕ್ಕನದು ನಿಂತಿತು. ಆ ಕಾರ್ಖಾನೆಯಲ್ಲಿ ಹಗಲು ಹೊತ್ತು ಅಂಥ ಮೌನವನ್ನು ಯಾರೂ ಕೇಳಿರಲಿಲ್ಲ.

ಯಜಮಾನರು ಮೂಲೆಯ ಕಡೆ ತಿರುಗಿದರು. "ಏನಮ್ಮಾ, ನೀನು ಕತ್ತರಿಸ್ತೀಯಾ?"

"ಕತ್ತರಿಸ್ತೀನಿ. ಇವತ್ತೊಂದು ದಿನಕ್ಕಲ್ಲ. ಮೇಜು ನನ್ನದಾಗ್ಬೇಕು, ಮೇಜಿನವರ ಸಂಬಳ ನನಗೂ ಬರ್ಬೇಕು."

ಯಜಮಾನರು ಲೋಕ ಕಂಡವರು. ತಾವು ಇಲ್ಲವೆನ್ನದೆ ಇಲ್ಲವೆನ್ನಿಸುವ ದಾರಿ ಅವರಿಗೆ ಗೊತ್ತಿತ್ತು. ನಗುತ್ತಾ ಮಾಸ್ಟರನ ಹೆಗಲ ಮೇಲೆ ಕೈಯಿಟ್ಟರು. "ನಾನು ಯಾಕಮ್ಮಾ ಅಡ್ಡ ಬರ್ಲಿ? ಗಂಡ ಇಲ್ಲೇ ಇದ್ದಾರಲ್ಲ. ಅವರು ಹೂಂ ಅಂದ್ರೆ ನಂದೂ ಹೂಂ. ಏನಂತೀರಿ ಮಾಸ್ಟರೇ?"

ಎಲ್ಲರ ಕಣ್ಣೂ ಮಾಸ್ಟರನ ಮೇಲೆ ಬಿದ್ದವು. ಬೇಡ ಎಂದರೆ ಮೇಜು ತನ್ನದೇ, ಹೆಂಡತಿ ಮೂಲೆಗೇ. ಹೂಂ ಎಂದರೆ? ಆಹಾ, ಎಂಥ ದೊಡ್ಡ ಮನಸ್ಸಿನ ಗಂಡ, ಎಂಥ ಅಧ್ಯಕ್ಷ ಎಂದು ಬೀದಿಯೆಲ್ಲ ಹೊಗಳುತ್ತದೆ. ಆ ಹೊಗಳಿಕೆಯ ರುಚಿಯೂ ನಾಲಿಗೆಯ ತುದಿಗೆ ಬಂತು. ಹೂಂ ಎಂದರೂ ಮೇಜು ತನ್ನ ಜೇಬಿನಿಂದ ತೆಗೆದು ಕೊಟ್ಟದ್ದೇ ಆಗುತ್ತದೆ. ಆಗ ಅವನು ಹೆಂಡತಿಯ ಕಡೆ ನೋಡಿದ. ಅವಳು ಎದ್ದು ನಿಂತಿದ್ದಳು. ಅವಳ ಕಣ್ಣು ಅವನ ಮೇಲಿರಲಿಲ್ಲ. ಅವನು ಏನು ಹೇಳುತ್ತಾನೆಂದು ಕಾಯುತ್ತಲೂ ಇರಲಿಲ್ಲ. ಹಾಸಿದ ಬಟ್ಟೆಯನ್ನು ನೋಡುತ್ತಿದ್ದಳು. ಎಲ್ಲಿಂದ ಶುರುಮಾಡಬೇಕೆಂದು ಲೆಕ್ಕ ಹಾಕುತ್ತಿದ್ದಾಳೆ ಎಂದು ಅವನಿಗೆ ಮಾತ್ರ ತಿಳಿಯಿತು. ತಾನೂ ಹೀಗೆಯೇ ನೋಡುತ್ತಿದ್ದವನಲ್ಲವೇ.

"ನನ್ನ ಕೇಳ್ಬೇಡಿ ಯಜಮಾನ್ರೇ" ಎಂದ.

"ಯಾಕೆ?"

"ಕೇಳಿದ್ರೆ ಬೇಡ ಅಂತೀನಿ."

ಯಾರೋ ಅಯ್ಯೋ ಎಂದರು. ಮಾಸ್ಟರ್ ನೆಲ ನೋಡುತ್ತಾ ಮುಂದುವರಿಸಿದ. ಸಭೆಯಲ್ಲಿ ಹರಿಯುತ್ತಿದ್ದ ಮಾತು ಈಗ ಒಂದೊಂದಾಗಿ ಕಿತ್ತು ಬರುತ್ತಿತ್ತು. "ಮೊನ್ನೆ ಕೋಟು ಕತ್ತರಿಸಿದ್ದು ಅವಳು. ನನಗಿಂತ ಚೆನ್ನಾಗಿ ಕತ್ತರಿಸ್ತಾಳೆ. ನೋಡಿ ಸಹಿಸೋಕೆ ನನ್ನಿಂದ ಆಗ್ತಿಲ್ಲ. ಹೊಟ್ಟೆಕಿಚ್ಚು. ಅವಳನ್ನ ಕತ್ತಲೆ ಮೂಲೆಗೆ ಹಾಕ್ಸಿದವನು ನಾನು. ಅಂಥವನ ಹತ್ರ ಯಾರಾದ್ರೂ ಒಪ್ಪಿಗೆ ಕೇಳ್ತಾರಾ? ಅವಳ ಕೈ ಅವಳದು. ಕೇಳೋದಾದ್ರೆ ಅವಳನ್ನ ಕೇಳಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಜಮಾನರು ನಿಂತ ಮಿಷನ್ನುಗಳನ್ನು ನೋಡಿದರು, ಬಾಗಿಲಲ್ಲಿದ್ದವರನ್ನು ನೋಡಿದರು, ಹಾಸಿದ ಬಟ್ಟೆಯನ್ನು ನೋಡಿದರು. ಕೊನೆಗೆ, "ಕತ್ತರಿಸಮ್ಮಾ. ಮೇಜು ನಿನ್ನದು, ಸಂಬಳ ಮೇಜಿನದು" ಎಂದು ಹೇಳಿ ತಮ್ಮ ಕೋಣೆಗೆ ಹೋದರು.

ಅವಳು ಮೂಲೆಯಿಂದ ಬಂದಳು. ಸುತ್ತು ಹಾಕಲಿಲ್ಲ. ನೇರ ಬಂದು ಎರಡೂ ಅಂಗೈಯನ್ನು ಮೇಜಿನ ಮೇಲೆ ಊರಿ ಒಂದು ಗಳಿಗೆ ನಿಂತಳು. ಥಾನು ಥಾನಾಗಿಯೇ ಇತ್ತು. ಕತ್ತರಿಗಾಗಿ ಕೈ ಚಾಚಿದಳು. ಮಾಸ್ಟರ್ ಕೊಟ್ಟ. ಹಿಂದೆ ಸರಿದಿದ್ದ ಹಾಸುವವರು ಬರುವ ಮೊದಲೇ ಅವನು ಮೇಜಿನ ಆ ತುದಿಗೆ ಹೋಗಿ, ಎಡಗೈಯಲ್ಲಿ ಬಟ್ಟೆಯ ಅಂಚು ಹಿಡಿದ. ಆ ಕೆಲಸವನ್ನು ಅವನು ಗುರುವಿನ ಕಾಲದ ನಂತರ ಮಾಡಿರಲಿಲ್ಲ.

ಹೊಟ್ಟೆಯೊಳಗಿನ ಕಿಚ್ಚು ಆರಿರಲಿಲ್ಲ. ಮೊದಲಿಗಿಂತ ಹೆಚ್ಚೇ ಉರಿಯುತ್ತಿತ್ತು.

"ಸ್ವಲ್ಪ ಎಳೆದು ಹಿಡೀರಿ" ಎಂದಳು ಹೆಂಡತಿ, ಬಟ್ಟೆಯಿಂದ ಕಣ್ಣೆತ್ತದೆ. "ಸುಕ್ಕು ಬರ್ತಿದೆ."

ಮಾಸ್ಟರ್ ಎಳೆದು ಹಿಡಿದ.